ಬಿಯಾಂಗ್ ಬಿಯಾಂಗ್ ನೂಡಲ್ಸ್: ಹಿಟ್ಟು ಹರಿಯುತ್ತಿದೆ, ಕಪ್ಪು ವಿನೆಗರ್ ಬದಲು ಕಾಚಂಪುಳಿ ಆಗುತ್ತದೆಯೇ?

ಪ್ರಶ್ನೆ (ಮಡಿಕೇರಿ)

ಚೀನಾದ ಶಿಯಾನ್ ನಗರದ ಕಡೆ ಮಾಡುವ, ಸೊಂಟಪಟ್ಟಿಯಷ್ಟು ಅಗಲದ ಬಿಯಾಂಗ್ ಬಿಯಾಂಗ್ ನೂಡಲ್ಸನ್ನು ಕಳೆದ ಭಾನುವಾರ ಮನೆಯಲ್ಲಿ ಮಾಡಲು ಹೋಗಿ ಸೋತೆ. ಗೋಧಿ ಹಿಟ್ಟನ್ನು ಚಪಾತಿಯ ಹದಕ್ಕೆ ಕಲಸಿ, ಹದಿನೈದು ನಿಮಿಷ ಮುಚ್ಚಿಟ್ಟು ಎಳೆದರೆ, ಒಂದು ಮೊಳವೂ ಬರುವ ಮೊದಲೇ ನಡುವೆ ಹರಿಯಿತು. ಹರಿಯದೆ ಉಳಿದದ್ದು ರಬ್ಬರಿನಂತೆ ಹಿಂದಕ್ಕೆ ಸೇದಿಕೊಂಡಿತು. ಇನ್ನೊಂದು ತೊಡಕು ಕಪ್ಪು ವಿನೆಗರಿನದು. ಇಲ್ಲಿನ ಅಂಗಡಿಗಳಲ್ಲಿ ಅದು ನನಗೆ ಸಿಗಲಿಲ್ಲ. ಮನೆಯಲ್ಲಿ ನಮ್ಮ ಕೊಡಗಿನ ಹಣ್ಣಿನ ಹುಳಿ ಕಾಚಂಪುಳಿಯಂತೂ ಇದ್ದೇ ಇದೆ. ಬಣ್ಣವೂ ಅದೇ, ಹುಳಿಯೂ ಹೌದು. ಅದನ್ನೇ ಹಾಕಬಹುದೇ?

ಉತ್ತರ (ವಿರಾಜಪೇಟೆ)

ತಪ್ಪು ನಿಮ್ಮ ಕೈಯದ್ದಲ್ಲ, ಹಿಟ್ಟಿನದು ಮತ್ತು ಅವಸರದ್ದು. ಚಪಾತಿ ಹಿಟ್ಟಿನಲ್ಲಿರುವ ತೌಡಿನ ಚೂರುಗಳು ಗ್ಲುಟನ್ (ಹಿಟ್ಟಿಗೆ ಜಿಗುಟು ಕೊಡುವ ಅಂಶ) ಎಳೆಗಳನ್ನು ಅಲ್ಲಲ್ಲಿ ಕತ್ತರಿಸುವುದರಿಂದ ಉದ್ದಕ್ಕೆ ಎಳೆದಾಗ ಅದು ಹರಿಯುತ್ತದೆ. ಇದಕ್ಕೆ ಮೈದಾವೇ ಬೇಕು. 300 ಗ್ರಾಂ ಮೈದಾಕ್ಕೆ ಅರ್ಧ ಚಮಚ ಉಪ್ಪು ಮತ್ತು 150 ಮಿಲಿ ನೀರು ಹಾಕಿ, ಮಳೆಗಾಲದಲ್ಲಾದರೆ ಒಂದೆರಡು ಚಮಚ ನೀರನ್ನು ಮೊದಲೇ ತೆಗೆದಿಟ್ಟುಕೊಂಡು, ಗಟ್ಟಿಯಾಗಿ ಕಲಸಿ. ಅರ್ಧ ಗಂಟೆ ಬಿಟ್ಟು ಮತ್ತೆ ನಾದಿದರೆ ನುಣುಪು ತಾನಾಗಿ ಬರುತ್ತದೆ. ಆಮೇಲೆ ಆರು ಉಂಡೆ ಮಾಡಿ, ಬೆರಳುದ್ದಕ್ಕೆ ಹೊಸೆದು, ಮೈತುಂಬ ಎಣ್ಣೆ ಸವರಿ ಮುಚ್ಚಿಡಿ. ಈ ಎರಡನೆಯ ವಿಶ್ರಾಂತಿ ಕನಿಷ್ಠ ಒಂದು ಗಂಟೆ ಬೇಕು, ಮಡಿಕೇರಿಯ ಚಳಿಗೆ ಎರಡು ಗಂಟೆಯಾದರೂ ಹೆಚ್ಚಲ್ಲ. ನಾದುವಾಗ ಬಿಗಿದುಕೊಂಡ ಗ್ಲುಟನ್ ಸಡಿಲವಾಗುವುದು ಆಗಲೇ.

ಎಳೆಯುವಾಗ ಒಂದೊಂದನ್ನೇ ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಉದ್ದಕ್ಕೆ ನಡುವೆ ತೆಳುವಾದ ಕಡ್ಡಿಯಿಂದ ಒಂದು ಗೀರು ಒತ್ತಿ. ಎರಡು ತುದಿ ಹಿಡಿದು, ನಿಧಾನವಾಗಿ ಎಳೆಯುತ್ತಾ ಮಣೆಗೆ ಬಡಿಯಿರಿ. ಆ ಸದ್ದೇ ‘ಬಿಯಾಂಗ್’ ಎಂದು ಹೇಳುತ್ತಾರೆ. ಬಳಿಕ ಗೀರಿನ ಗುಂಟ ಸೀಳಿದರೆ ಒಂದು ದೊಡ್ಡ ಬಳೆಯಂತಾಗುತ್ತದೆ. ತಕ್ಷಣ ಕುದಿಯುವ ನೀರಿಗೆ ಬಿಡಿ, ಎರಡು ನಿಮಿಷಕ್ಕೆ ಬೇಯುತ್ತದೆ.

ಉತ್ತರ (ಸೋಮವಾರಪೇಟೆ)

ಇಷ್ಟೆಲ್ಲ ಏಕೆ, ನೂಪುಟ್ಟಿನ (ಅಕ್ಕಿ ಶಾವಿಗೆಯ) ಒರಳಿನಲ್ಲೇ ಒತ್ತಿಬಿಡಬಹುದಲ್ಲ?

ಉತ್ತರ (ಪೊನ್ನಂಪೇಟೆ)

ಒತ್ತಬಹುದು, ಆದರೆ ಆಗ ಅದು ಬೇರೆಯೇ ತಿಂಡಿಯಾಗುತ್ತದೆ. ಉತ್ತರ ಚೀನಾದಲ್ಲಿ ಹೆಲಾವ್ ಎಂಬ ನೂಡಲ್ಸ್ ಇದೆ. ಬಕ್‌ವೀಟ್ ಎಂಬ ಕಾಳಿನ ಹಿಟ್ಟನ್ನು ಒರಳಿನಂಥ ಸಾಧನದಿಂದ ನೇರವಾಗಿ ಕುದಿಯುವ ನೀರಿಗೆ ಒತ್ತುತ್ತಾರೆ. ಅಗಲವಾದ ಪಟ್ಟಿಯ ರುಚಿ ಜಗಿಯುವುದರಲ್ಲಿದೆ, ಅದು ಒರಳಿನಿಂದ ಬಾರದು.

ಕಾಚಂಪುಳಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಚೀನಾದ ಕಪ್ಪು ವಿನೆಗರನ್ನು ಜೋಳ, ಅಂಟಕ್ಕಿ ಮುಂತಾದ ಧಾನ್ಯಗಳನ್ನು ಹುದುಗಿಸಿ ತೆಗೆಯುತ್ತಾರೆ, ಆದ್ದರಿಂದ ಅದರಲ್ಲಿ ಮೂಗಿಗೆ ಏರುವ ಘಾಟೂ ತುಸು ಸಿಹಿಯೂ ಇರುತ್ತವೆ. ನಮ್ಮದು ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕಾಯಿಸಿ ಬತ್ತಿಸಿದ್ದು. ಘಾಟಿಲ್ಲ, ಹುಳಿ ಮಾತ್ರ ಹಲವು ಪಟ್ಟು. ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಹಾಕುವ ಅಳತೆಯಲ್ಲಿ ಸುರಿದರೆ ಬಟ್ಟಲು ಹಾಳು. ಒಬ್ಬರ ಬಟ್ಟಲಿಗೆ ಕಾಲು ಚಮಚ ಕಾಚಂಪುಳಿ, ಒಂದು ಚಮಚ ಸಾಧಾರಣ ವಿನೆಗರ್, ಚಿಟಿಕೆ ಸಕ್ಕರೆ, ಒಂದು ಚಮಚ ಸೋಯಾ ಸಾಸ್ ಬೆರೆಸಿ ನೋಡಿ. ಮೂಲದ ರುಚಿಯಲ್ಲ, ಆದರೆ ಹತ್ತಿರ ಬರುತ್ತದೆ.

ಬೆಂದ ನೂಡಲ್ಸನ್ನು ಇದರ ಮೇಲೆ ಹಾಕಿ, ನಡುವೆ ತರಿತರಿಯಾಗಿ ಕುಟ್ಟಿದ ಬ್ಯಾಡಗಿ ಮೆಣಸಿನಕಾಯಿ, ಹೆಚ್ಚಿದ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪನ್ನು ಗುಡ್ಡೆ ಹಾಕಿ, ಎರಡು ಚಮಚ ಕಾದ ಎಣ್ಣೆಯನ್ನು ಅದರ ನೆತ್ತಿಗೇ ಸುರಿಯಿರಿ. ಮೊದಲು ಒಂದು ಚೂರು ಮೆಣಸಿನಕಾಯಿಯನ್ನು ಎಣ್ಣೆಗೆ ಹಾಕಿ: ಚುರ್ ಎಂದು ಕೆಂಪಾಗಿಯೇ ಉಳಿದರೆ ಹದ, ತಕ್ಷಣ ಕಪ್ಪಾದರೆ ಒಲೆ ಆರಿಸಿ ಸ್ವಲ್ಪ ಕಾಯಿರಿ.

ಪ್ರಶ್ನೆ ಕೇಳಿದವರು

ಇಂದು ಮೈದಾದಲ್ಲಿ ಮಾಡಿ, ಎರಡು ಗಂಟೆ ಬಿಟ್ಟೆ. ಆರರಲ್ಲಿ ಐದು ತೋಳುದ್ದಕ್ಕೆ ಬಂದವು. ಹರಿದ ಆರನೆಯದಕ್ಕೆ ಎಣ್ಣೆ ಸರಿಯಾಗಿ ಸವರಿರಲಿಲ್ಲ, ಮೇಲ್ಮೈ ಒಣಗಿ ಪದರ ಕಟ್ಟಿತ್ತು. ಕಾಚಂಪುಳಿಯನ್ನು ಕಾಲು ಚಮಚಕ್ಕಿಂತ ಕಡಿಮೆಯೇ ಹಾಕಿದೆ, ನಮ್ಮ ಮನೆಯದು ಮೂರು ವರ್ಷ ಹಳೆಯದು.