ಅಪ್‌ಡೇಟ್: ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ

ಕೇಳಿದ್ದು ಇಷ್ಟು: ಸೆರೆಬ್ರಲ್ ಪಾಲ್ಸಿಯಿಂದ (ಸಿಪಿ; ಮೆದುಳಿನ ತೊಂದರೆಯಿಂದ ಕೈಕಾಲು, ಮೈ ಹಿಡಿತಕ್ಕೆ ಸಿಗದ ಸ್ಥಿತಿ) ಆಸರೆಯಿಲ್ಲದೆ ಕೂರಲಾಗದ 8 ವರ್ಷದ ಮಗುವಿಗೆ ಹಳ್ಳಿಯಲ್ಲಿ ಪಾಠ ಸಿಗುವುದು ಹೇಗೆ? ಉತ್ತರಿಸಿದವರಿಗೆಲ್ಲ ಧನ್ಯವಾದ. ಈಗ ದಾರಿ ಸ್ಪಷ್ಟವಾಗಿದೆ.

ತೀವ್ರ ಅಥವಾ ಬಹು ಅಂಗವೈಕಲ್ಯದ ಮಕ್ಕಳು ಗೃಹಾಧಾರಿತ ಶಿಕ್ಷಣ ಆರಿಸಿಕೊಳ್ಳಬಹುದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಲ್ಲೇ ಇದೆ. ಆದರೆ ಮೊದಲು ಊರಿನ ಸರ್ಕಾರಿ ಶಾಲೆಯಲ್ಲಿ ದಾಖಲಾತಿ ಆಗಲಿ. ಸ್ಯಾಟ್ಸ್‌ನಲ್ಲಿ (ವಿದ್ಯಾರ್ಥಿಗಳ ವಿವರ ದಾಖಲಿಸುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ವೈಕಲ್ಯದ ವಿವರ ತುಂಬಿದ್ದಾರಾ ಎಂದು ಮುಖ್ಯ ಶಿಕ್ಷಕರ ಹತ್ತಿರವೇ ಕೂತು ನೋಡಿ. ಅದು ಖಾಲಿ ಇದ್ದರೆ ಬಿಆರ್‌ಸಿ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಪಟ್ಟಿಯಲ್ಲಿ ಮಗು ಕಾಣದೇ ಹೋಗಬಹುದು. ಮನೆಗೆ ಬರುವವರು ಆ ಬಿಆರ್‌ಸಿಯ ಬಿಐಇಆರ್‌ಟಿ ಶಿಕ್ಷಕರು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವ ಸಂಪನ್ಮೂಲ ಶಿಕ್ಷಕರು. ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ, ಹಾಗಾಗಿ ದಿನಾ ಪಾಠ ನಿರೀಕ್ಷಿಸಬೇಡಿ. ಎರಡು ಭೇಟಿಗಳ ನಡುವೆ ಮನೆಯವರು ಏನು ಮಾಡಿಸಬೇಕು ಎಂಬುದನ್ನು ಬರೆಸಿಕೊಳ್ಳಿ. ‘ಓದು ಕಲಿಸಿ’ ಅಂದರೆ ಸಾಲದು. ‘ಎರಡು ಚಿತ್ರಗಳಲ್ಲಿ ಕೇಳಿದ್ದನ್ನು ಕಣ್ಣಲ್ಲಿ ತೋರಿಸುವುದು’ ಎಂಬಷ್ಟು ಸಣ್ಣ ಗುರಿ ಇರಲಿ.

ಯುಡಿಐಡಿ ಕಾರ್ಡಿನ (ಅಂಗವೈಕಲ್ಯದ ಗುರುತಿನ ಚೀಟಿ) ಅರ್ಜಿಗೆ ಆಧಾರ್, ಫೋಟೊ ಬೇಕು, ಹೆಸರಿನ ಇನಿಷಿಯಲ್ ಎಲ್ಲ ದಾಖಲೆಗಳಲ್ಲೂ ಒಂದೇ ಇರಬೇಕು. ವೈಕಲ್ಯ 40% ಅಥವಾ ಅದಕ್ಕಿಂತ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.

ಸಿಪಿ ಚೇರ್ (ಇಂಥ ಮಕ್ಕಳನ್ನು ಆಸರೆ ಕೊಟ್ಟು ಕೂರಿಸುವ ಕುರ್ಚಿ) ವಿಷಯದಲ್ಲಿ ಎಚ್ಚರ. ಸಾಧನ ಕೊಡುವ ಶಿಬಿರದಲ್ಲಿ ಅಳತೆ ತೆಗೆದು ಚೇರ್ ಬರುವಷ್ಟರಲ್ಲಿ ಮಗು ಬೆಳೆದಿರಬಹುದು. ಪಡೆಯುವಾಗಲೇ ಸೊಂಟದ ಅಗಲ, ತೊಡೆಯ ಉದ್ದ ನೋಡಿಸಿ. ಪಾದ ನೇತಾಡುತ್ತಿದ್ದರೆ ಫುಟ್‌ರೆಸ್ಟ್ ಸರಿಮಾಡಿಸದೆ ಸಹಿ ಹಾಕಬೇಡಿ.