ಆಟ ಸರಿಯಾಗಿ 30ಕ್ಕೇ ನಿಲ್ಲುತ್ತಿದೆ, ಎರಡು ದಿನದಿಂದ ಒದ್ದಾಡುತ್ತಿದ್ದೇನೆ

ಕಾಫಿಘಟ್ಟ (ಚಿಕ್ಕಮಗಳೂರು):
ಸೂಪರ್‌ಟಕ್ಸ್‌ಕಾರ್ಟ್ ಅನ್ನೋ ರೇಸ್ ಆಟದಲ್ಲಿ 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮ್, ಅಂದರೆ ಚಿತ್ರ) ಬರುತ್ತಿತ್ತು. ಶನಿವಾರದಿಂದ 30 ದಾಟುತ್ತಿಲ್ಲ. 29 ಅಲ್ಲ, 31 ಅಲ್ಲ, ಸರಿಯಾಗಿ 30. ಗ್ರಾಫಿಕ್ಸ್ ಪೂರ್ತಿ ಕಮ್ಮಿ ಮಾಡಿದರೂ ಅಷ್ಟೇ. ಗ್ರಾಫಿಕ್ಸ್ ಚಿಪ್ ಇಂಟೆಲ್ ಎಚ್‌ಡಿ 620, ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಕಳಿಸುವ ವ್ಯವಸ್ಥೆ ಎಕ್ಸ್11. ಅದೇ ದಿನ ಅಪ್‌ಡೇಟ್ ಕೂಡ ಮಾಡಿದ್ದೆ. ಡ್ರೈವರ್ ಬೇಕಂತಲೇ ತಡೆಯುತ್ತಿದೆಯಾ?

ಹೇಮಾವತಿ_ದಡ:
ಇದು ಡಬಲ್ ಬಫರ್ ಕಾಟ: ಒಂದು ಬಫರ್‌ನ ಚಿತ್ರ ಪರದೆಯಲ್ಲಿ, ಇನ್ನೊಂದರಲ್ಲಿ ಮುಂದಿನದನ್ನು ಬರೆಯುವುದು. 60 ಹರ್ಟ್ಜ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಪರದೆಯಲ್ಲಿ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್. ಚಿತ್ರ ಮುಗಿಯುವುದು 17 ಆಯಿತು ಅಂದರೆ ಆ ವಿಬ್ಲ್ಯಾಂಕ್ (ಪರದೆ ಒಂದು ಚಿತ್ರ ಮುಗಿಸಿ ಇನ್ನೊಂದಕ್ಕೆ ಹೋಗುವ ಬಿಡುವು) ತಪ್ಪಿತು. ಸ್ವಾಪ್ (ಬಫರ್ ಅದಲುಬದಲು) ಮುಂದಿನದಕ್ಕೇ, ಅಷ್ಟರಲ್ಲಿ 33.3. ಅಲ್ಲಿಗೆ 30. ಮೂರನೇ ಬಫರ್ ಇದ್ದರೆ ಕಾಯದೆ ಅದರಲ್ಲಿ ಬರೆಯುತ್ತಾ ಹೋಗಬಹುದು. ವಿಬ್ಲ್ಯಾಂಕ್_ಮೋಡ್=0 ಕೊಟ್ಟು (ವಿಬ್ಲ್ಯಾಂಕ್‌ಗೆ ಕಾಯುವುದು, ಅಂದರೆ ಸಿಂಕ್, ಆಫ್ ಆಗುತ್ತದೆ) ಜಿಎಲ್‌ಎಕ್ಸ್‌ಗಿಯರ್ಸ್ ಅನ್ನೋ ಸಣ್ಣ ಪರೀಕ್ಷಾ ಪ್ರೋಗ್ರಾಂ ಓಡಿಸಿ.

ಕಾಫಿಘಟ್ಟ:
ಸಾವಿರದ ಮೇಲೆ ಹೋಯಿತು. ಅದನ್ನು ತೆಗೆದರೆ ಗಿಯರ್ಸ್ ಕೂಡ 30.

ಹೇಮಾವತಿ_ದಡ:
ನಾನು ಹೇಳಿದ್ದೇ ಅಲ್ವಾ. ಕಾಂಪೋಸಿಟರ್ (ವಿಂಡೋಗಳನ್ನು ಜೋಡಿಸಿ ಪರದೆಗೆ ಕೊಡುವ ಪ್ರೋಗ್ರಾಂ) ಆಫ್ ಮಾಡಿ. ಚಿತ್ರ ಅಡ್ಡಕ್ಕೆ ತುಂಡಾಗದಂತೆ ತಡೆಯುವ ಟಿಯರ್‌ಫ್ರೀ ಇದ್ದರೆ ಅದನ್ನೂ ತೆಗೆಯಿರಿ.

ಕಾಫಿಘಟ್ಟ:
ಎರಡೂ ಆಯಿತು. ಏನೂ ಬದಲಾಗಲಿಲ್ಲ.

ಘಾಟಿ_ಪೆಂಗ್ವಿನ್:
ಸುಮ್ನೆ ಎಕ್ಸ್11 ಬಿಟ್ಟು ವೇಲ್ಯಾಂಡ್‌ಗೆ ಬನ್ನಿ. ಸಕಲೇಶಪುರದಲ್ಲಿ ನನ್ನದು ಹಳೇ ಥಿಂಕ್‌ಪ್ಯಾಡ್, 144 ಹರ್ಟ್ಜ್ ಮಾನಿಟರ್. ಮಳೆಗಾಲದಲ್ಲಿ ಕರೆಂಟ್ ಹೋದರೂ ಇನ್ವರ್ಟರ್ ಮೇಲೆ ನಾಲ್ಕು ಗಂಟೆ ಆಡುತ್ತೇನೆ. ಚಿತ್ರ ಅಡ್ಡಕ್ಕೆ ತುಂಡಾಗುವುದೇ ಇಲ್ಲ.

ಹೇಮಾವತಿ_ದಡ:
ಅವರು ಕೇಳಿದ್ದು ಬೇರೆ. ಎಕ್ಸ್11ನಲ್ಲೂ ಪ್ರೆಸೆಂಟ್ ಎಕ್ಸ್‌ಟೆನ್ಶನ್ ವಿಬ್ಲ್ಯಾಂಕ್ ನೋಡಿಯೇ ಸ್ವಾಪ್ ಮಾಡುತ್ತದೆ.

ಘಾಟಿ_ಪೆಂಗ್ವಿನ್:
ಎಕ್ಸ್11ನಲ್ಲಿ ಎರಡು ಮಾನಿಟರ್ ಹಾಕಿ ನೋಡಿ, ಆಮೇಲೆ ಹೇಳಿ.

ಬೇಲೂರು_ರಸ್ತೆ:
ಆ ಜಗಳ ಆಮೇಲೆ. ಗಿಯರ್ಸ್ ಸಿಂಕ್ ಇಲ್ಲದೆ ಸಾವಿರ ದಾಟುತ್ತದೆ ಅಂದರೆ ಒಂದು ಫ್ರೇಮ್‌ಗೆ ಒಂದು ಮಿಲಿಸೆಕೆಂಡೂ ಬೇಡ. ಅದು 16.7 ಯಾಕೆ ತಪ್ಪಿಸುತ್ತದೆ? ಡಬಲ್ ಬಫರ್ ಇಲ್ಲಿ ಕಾರಣ ಅಲ್ಲ. ಪರದೆಯ ಹರ್ಟ್ಜ್ ತೋರಿಸುವ ಎಕ್ಸ್‌ರ್ಯಾಂಡರ್ ಓಡಿಸಿ, ನಕ್ಷತ್ರ (ಈಗ ಬಳಕೆಯಲ್ಲಿರುವುದರ ಗುರುತು) ಯಾವ ಸಂಖ್ಯೆ ಪಕ್ಕ ಇದೆ ಹೇಳಿ. ಪರದೆ ಯಾವುದು?

ಕಾಫಿಘಟ್ಟ:
3840x2160, 30.00*. ಶನಿವಾರ ಮನೆಗೆ 4ಕೆ ಟಿವಿ ಬಂತು. ಲ್ಯಾಪ್‌ಟಾಪ್ ಮುಚ್ಚಿಟ್ಟು ಎಚ್‌ಡಿಎಂಐ ಕೇಬಲ್‌ನಲ್ಲಿ ಅದಕ್ಕೇ ಹಾಕಿದ್ದೇನೆ. ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆಯಲಿಲ್ಲ.

ಬೇಲೂರು_ರಸ್ತೆ:
ಅದೇ ವಿಷಯ. 620ರಲ್ಲಿ ನೇರ ಎಚ್‌ಡಿಎಂಐ 1.4. 4ಕೆ ಇಟ್ಟರೆ 30 ಹರ್ಟ್ಜ್ ತನಕ ಮಾತ್ರ. ಸೆಕೆಂಡಿಗೆ 30 ವಿಬ್ಲ್ಯಾಂಕ್ ಇದ್ದರೆ 30 ಸ್ವಾಪ್. ಡ್ರೈವರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. 1920x1080, 60 ಇಡಿ.

ಕಾಫಿಘಟ್ಟ:
60 ಬಂತು! ತುಂಬಾ ಥ್ಯಾಂಕ್ಸ್ ಸರ್. ಆದರೆ ಬಾಣದ ಕೀ ಒತ್ತಿದ ಮೇಲೆ ಕಾರ್ಟ್ ಸ್ವಲ್ಪ ತಡವಾಗಿ ತಿರುಗುತ್ತಿದೆ.

ಹೇಮಾವತಿ_ದಡ:
ಫ್ರೇಮ್‌ಗಳು ಸಾಲಿನಲ್ಲಿ ನಿಂತಿರಬೇಕು. ಸಿಂಕ್ ಇದ್ದಾಗ ಮುಗಿದ ಫ್ರೇಮ್ ತನ್ನ ಸರದಿ ಬರುವ ತನಕ ಕಾಯುತ್ತದೆ, ನಿಮ್ಮ ಕೈ ಅಷ್ಟು ಹಿಂದೆ.

ಬೇಲೂರು_ರಸ್ತೆ:
ಮೊದಲು ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಚಿತ್ರ ತಿದ್ದುವುದಕ್ಕೆ ಟಿವಿಯೂ ಸಮಯ ತಿನ್ನುತ್ತದೆ.

ಕಾಫಿಘಟ್ಟ:
ಕರೆಂಟ್ ಹೋಯಿತು. ಬಂದ ಮೇಲೆ ನೋಡಿ ಹೇಳುತ್ತೇನೆ.