ಎಡಮೂಲೇಲಿ 74 ಅಂತಿದೆ ನೋಡಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಲ್ಲಿ ಮೂವತ್ತು ಚಿಲ್ಲರೆ ಜನ ಇದ್ದೀವಿ, ಬಾಯಿ ಬಿಡೋರು ಆರೇಳು. ಬೆಂಗಳೂರು ರಸ್ತೇಲಿ ಸೈಕಲ್ಲು, ಕಾರಿನ ಸ್ಪೀಡು ಅಂತ ಕಳೆದ ವಾರ ನಡೆದ ಈ ಜಟಾಪಟಿಯನ್ನ ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕ್ತಿದೀನಿ. ಮಧ್ಯೆ ಬಂದ ಗುಡ್ ಮಾರ್ನಿಂಗ್ ಗುಲಾಬಿ, ದಿನಭವಿಷ್ಯ, ಮಾವಿನಕಾಯಿ ಉಪ್ಪಿನಕಾಯಿಗೆ ಆರ್ಡರ್ ಕೊಟ್ಟವರ ಪಟ್ಟಿ ತೆಗೆದಿದ್ದೀನಿ. ಗುರು ಭಾವ ಅಳಿಸಿದ ಮೆಸೇಜು ನನ್ನ ಹತ್ರ ಇಲ್ಲ. ಇದ್ದಿದ್ರೂ ಹಾಕ್ತಿರ್ಲಿಲ್ಲ, ಸಂಧ್ಯಕ್ಕನ ಗಂಡ.

ಸೀನ ಚಿಕ್ಕಪ್ಪ, ಬೆಳಿಗ್ಗೆ 7:12
(ವಿಡಿಯೋ. ಹಲವು ಬಾರಿ ಫಾರ್ವರ್ಡ್ ಆಗಿದೆ)
ಸೈಕಲ್ ಸವಾರರ ದರ್ಬಾರ್ ನೋಡಿ!!! ಟ್ಯಾಕ್ಸ್ ಕಟ್ಟೋದಿಲ್ಲ, ರಸ್ತೆ ಮಧ್ಯೆ ಮೆರವಣಿಗೆ. ಮುಖ್ಯರಸ್ತೆಗಳಲ್ಲಿ ಸೈಕಲ್ ನಿಷೇಧಿಸಿ. ಒಪ್ಪುವವರು 10 ಜನಕ್ಕೆ ಕಳಿಸಿ 🙏🙏

(ವಿಡಿಯೋ ಇದು: ಯಾರದೋ ಕಾರಿನ ಡ್ಯಾಶ್‌ಕ್ಯಾಮ್, ಅಂದ್ರೆ ಮುಂದಿನ ರಸ್ತೆ ತೋರಿಸೋ ಕ್ಯಾಮೆರಾ. ಬೀದಿದೀಪ ಇನ್ನೂ ಆರಿಲ್ಲ, ರಸ್ತೆ ಖಾಲಿ. ಎಡಗಡೆ ಲೇನಿನ ನಡುವೆ ಒಬ್ಬ ಸೈಕಲ್ಲಲ್ಲಿ, ಸೀಟಿನ ಕೆಳಗೆ ಕೆಂಪು ದೀಪ ಮಿಣುಕ್ತಿದೆ. ಉದ್ದಕ್ಕೆ ಹಾರ್ನ್. ಕಾರು ಗಕ್ಕನೆ ಬಲಕ್ಕೆ ಎಳ್ಕೊಂಡು ಹ್ಯಾಂಡಲ್ಲಿಗೆ ಮೊಳ ದೂರದಲ್ಲಿ ಪಾಸಾಗತ್ತೆ. ಕಾರಿನೊಳಗಿಂದ ಒಂದು ಬೈಗುಳ.)

ಗುರು ಭಾವ, 7:20
👏👏 ಸರಿಯಾಗಿ ಹೇಳಿದ್ರಿ ಚಿಕ್ಕಪ್ಪ. ಇವರು ಎಡಗಡೆ ಅಂಚಲ್ಲಿ ಹೋದ್ರೆ ಯಾರಿಗೇನು ತೊಂದ್ರೆ?

ಸೀನ ಚಿಕ್ಕಪ್ಪ, 7:21
ನಮ್ಮನೇಲೂ ಒಬ್ಬಳಿದಾಳೆ. ಓದ್ಲಿ ಅಂತಲೇ ಹಾಕಿದೀನಿ.

ಸ್ಫೂರ್ತಿ, 8:55
ಓದಿದೆ ಚಿಕ್ಕಪ್ಪ. ಆಫೀಸು ತಲುಪಿದೀನಿ, ಸೈಕಲ್ಲಲ್ಲೇ. 🙂
ವಿಡಿಯೋ ಇನ್ನೊಂದ್ಸಲ ಹಾಕಿ, ಹಾರ್ನ್ ಶುರುವಾಗೋ ಹೊತ್ತಿಗೆ ನಿಲ್ಸಿ. ಕೆಳಗೆ ಎಡಮೂಲೇಲಿ ಸಣ್ಣ ಬಿಳಿ ಅಕ್ಷರ ಇದೆ. ಕ್ಯಾಮೆರಾ ತಾನೇ ಬರ್ಕೊಂಡಿರೋ ಸ್ಪೀಡು. 74. ಅದಕ್ಕೆ ಸ್ವಲ್ಪ ಮುಂಚೆ ಒಂದು ಕಂಬ ಬರತ್ತೆ, ಅದರ ಮೇಲಿರೋ ಕೆಂಪು ಬಳೆಯೊಳಗೆ 50 ಅಂತಿದೆ.
ಕಾನೂನು ಮುರಿದವನೇ ಸಾಕ್ಷಿ ಸಮೇತ ಊರಿಗೆಲ್ಲ ಹಂಚಿದಾನೆ, ನಾವು ಚಪ್ಪಾಳೆ ಹೊಡೀತಿದೀವಿ.

ಕಾರ್ತಿ, 8:58
😂😂😂 ಹೌದು, 74!!

ಸಂಧ್ಯಕ್ಕ, 9:01
ನಾನು ಮೂರು ಸಲ ನೋಡ್ದೆ, ಕಾಣ್ಲೇ ಇಲ್ಲ.

ಸೀನ ಚಿಕ್ಕಪ್ಪ, 9:10
ಸ್ಪೀಡು ಎಷ್ಟಾದ್ರೂ ಇರ್ಲಿ. ರಸ್ತೆ ಮಧ್ಯೆ ಯಾಕೆ ಹೋಗ್ಬೇಕು? ಅದಕ್ಕೆ ಉತ್ತರ ಕೊಡು.

ಸ್ಫೂರ್ತಿ, 9:34
ಕೊಡ್ತೀನಿ. ತೀರಾ ಅಂಚಲ್ಲಿ ಏನಿರತ್ತೆ ಅಂತ ಕಾರಿನೊಳಗೆ ಕೂತ್ರೆ ಗೊತ್ತಾಗಲ್ಲ. ಮೋರಿ ಜಾಲರಿ ಇರತ್ತೆ, ಕೆಲವು ಕಡೆ ಅದರ ಸರಳು ರಸ್ತೆ ಉದ್ದಕ್ಕೇ ಇರತ್ತೆ. ಚಕ್ರ ಒಳಗೆ ಕೂತ್ರೆ ನಾನು ಹ್ಯಾಂಡಲ್ ಮೇಲಿಂದ ಆಚೆ. ವೈಟ್‌ಟಾಪಿಂಗ್ ಅಂತ ಡಾಂಬರಿನ ಮೇಲೆ ಕಾಂಕ್ರೀಟ್ ಹಾಕಿರೋ ಕಡೆ ಕಾಂಕ್ರೀಟಿಗೂ ಪಕ್ಕದ ಮಣ್ಣಿಗೂ ಗೇಣುದ್ದ ಮೆಟ್ಟಿಲು. ನಿಂತಿರೋ ಕಾರಿನ ಬಾಗಿಲು ಯಾವಾಗ ತೆಗೀತಾರೋ ಹೇಳಕ್ಕಾಗಲ್ಲ. ಎದುರುಗಡೆಯಿಂದ ರಾಂಗ್ ಸೈಡಲ್ಲಿ ಡೆಲಿವರಿ ಹುಡುಗ್ರು. ಬಸ್ಸು ನನ್ನನ್ನ ದಾಟಿ ತಕ್ಷಣ ಸ್ಟಾಪಿಗೆ ಅಂತ ಎಡಕ್ಕೆ ಒತ್ತತ್ತೆ.
ಇನ್ನೊಂದು ವಿಷ್ಯ. ಅಂಚಲ್ಲಿ ಹೋದ್ರೆ ಹಿಂದಿನ ಕಾರಿನವರು ಅದೇ ಲೇನಲ್ಲಿ ತೂರಿಸ್ಕೊಂಡು ಹೋಗ್ತಾರೆ, ಕನ್ನಡಿ ಮೊಣಕೈಗೆ ತಾಗತ್ತೆ. ನಡುವೆ ಹೋದ್ರೆ ಪಕ್ಕದ ಲೇನಿಗೆ ಹೋಗಿ ದಾಟ್ತಾರೆ. ಬೈಕೊಂಡೇ ದಾಟ್ಲಿ, ಪರವಾಗಿಲ್ಲ.

ಗುರು ಭಾವ, 9:50
ಅಲ್ಲ ಸ್ಫೂರ್ತಿ, ಬೆಂಗಳೂರಲ್ಲಿ ಸ್ಪೀಡು ಅನ್ನೋದು ಎಲ್ಲಮ್ಮಾ ಇದೆ? 2022ರಲ್ಲಿ ಟಾಮ್‌ಟಾಮ್ ಅನ್ನೋ ಕಂಪನಿಯ ಟ್ರಾಫಿಕ್ ಲೆಕ್ಕ ಬಂದಿತ್ತಲ್ಲ, ಊರ ನಡುವೆ 10 ಕಿ.ಮೀ. ಹೋಗಕ್ಕೆ 29 ನಿಮಿಷ, ಇಡೀ ಪ್ರಪಂಚದಲ್ಲಿ ಲಂಡನ್ ಬಿಟ್ರೆ ನಾವೇ. ಗಂಟೆಗೆ 20 ಕಿ.ಮೀ. ನಾನು ಸಿಲ್ಕ್ ಬೋರ್ಡಲ್ಲಿ ದಿನಾ ಫಸ್ಟ್ ಗೇರಲ್ಲೇ ಮುದುಕ ಆಗ್ತಿದೀನಿ. ಅತಿವೇಗ ಅಂತ ಯಾರಿಗೆ ಹೇಳ್ತಿದೀಯ?

ಸ್ಫೂರ್ತಿ, 9:58
ಅದು ಸರಾಸರಿ ಭಾವ. ಸಿಗ್ನಲ್ಲಲ್ಲಿ ಎರಡು ನಿಮಿಷ ಸೊನ್ನೆ, ಸಿಗ್ನಲ್ ಬಿಟ್ಟ ತಕ್ಷಣ 60. ಎರಡೂ ಸೇರಿ 20. ನನಗೆ ಸಿಲ್ಕ್ ಬೋರ್ಡ್ ಜಾಮಲ್ಲಿ ಒಂಚೂರೂ ಭಯ ಇಲ್ಲ, ಅಲ್ಲಿ ಎಲ್ಲರೂ ನನಗಿಂತ ನಿಧಾನ. ಭಯ ಆಗೋದು ಬೆಳಿಗ್ಗೆ ಆರಕ್ಕೆ, ರಾತ್ರಿ ಹತ್ತರ ಮೇಲೆ, ಫ್ಲೈಓವರ್ ಇಳಿಜಾರಲ್ಲಿ. ಇಡೀ ದಿನ ಜಾಮಲ್ಲಿ ಕೂತ ಸಿಟ್ಟನ್ನೆಲ್ಲ ಖಾಲಿ ಸಿಕ್ಕ ಅರ್ಧ ಕಿಲೋಮೀಟರಲ್ಲಿ ತೀರಿಸ್ಕೋತಾರೆ.

(ಇಡೀ ಜಗಳದಲ್ಲಿ ನನಗೆ ಗಟ್ಟಿ ಅನ್ನಿಸಿದ ಮಾತು ಇದೇ. ಆದ್ರೆ ಇದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ, ಅಷ್ಟೊತ್ತಿಗೆ ದೊಡ್ಡಪ್ಪ ಬಂದ್ರು. ಹೈಸ್ಕೂಲಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ರಿಟೈರ್ ಆದವರು. ಮೆಸೇಜು ಬರೆಯೋದು ಅಪರೂಪ, ಬರೆದ್ರೆ ಬೋರ್ಡ್ ತುಂಬ.)

ದೊಡ್ಡಪ್ಪ, 10:31
ಎಲ್ಲರಿಗೂ ಆಶೀರ್ವಾದ. ಒಂದು ಲೆಕ್ಕ ಮಾಡೋಣ. ಎದುರಿಗೆ ಏನೋ ಕಂಡ ಮೇಲೆ ಬ್ರೇಕಿನ ಮೇಲೆ ಕಾಲು ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. ಚುರುಕಾದ ಮನುಷ್ಯನಿಗೆ. ಒಣಗಿದ ಡಾಂಬರು, ಒಳ್ಳೆ ಟೈರು.
30ರ ವೇಗ: ಆ ಒಂದು ಸೆಕೆಂಡಿನಲ್ಲಿ 8 ಮೀಟರ್, ಬ್ರೇಕ್ ಹಿಡಿದ ಮೇಲೆ 5. ಒಟ್ಟು 13.
50ರ ವೇಗ: 14, ಆಮೇಲೆ 14. ಒಟ್ಟು 28.
74ರ ವೇಗ: 20, ಆಮೇಲೆ 30. ಒಟ್ಟು 50ಕ್ಕೆ ಮೇಲೆ.
13 ಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಬಿಎಂಟಿಸಿ ಬಸ್ಸಿನುದ್ದ. ಅಷ್ಟು ದೂರದಲ್ಲಿ ಮಗು ಅಡ್ಡ ಬಂತು ಅನ್ನಿ. 30ರಲ್ಲಿ ಬಂದ ಕಾರು ಮಗುವಿನ ಮುಂದೆ ನಿಂತಿರುತ್ತದೆ. 50ರಲ್ಲಿ ಬಂದವನು ಅದೇ ಜಾಗಕ್ಕೆ ಬರುವಾಗ ಬ್ರೇಕ್ ಇನ್ನೂ ಮುಟ್ಟಿಯೇ ಇರುವುದಿಲ್ಲ. ಪೂರ್ತಿ 50ರಲ್ಲೇ ಗುದ್ದುತ್ತಾನೆ.
ಗುದ್ದುವ ಕಾರಿನ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 30ಕ್ಕೂ 74ಕ್ಕೂ ಆರು ಪಟ್ಟು ವ್ಯತ್ಯಾಸ. ಎರಡೂವರೆ ಪಟ್ಟಲ್ಲ. ಗುರು, ನೀನು ಇಂಜಿನಿಯರು, ತಪ್ಪಿದ್ದರೆ ತಿದ್ದು.

ಗುರು ಭಾವ, 10:40
ಲೆಕ್ಕ ಸರಿ ದೊಡ್ಡಪ್ಪ. ಆದ್ರೆ ಈಗಿನ ಕಾರುಗಳಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಇದೆ, ಆರು ಏರ್‌ಬ್ಯಾಗ್ ಇದೆ. ಕಂಟ್ರೋಲ್ ಇರೋರು ಸ್ವಲ್ಪ ಸ್ಪೀಡಾಗಿ ಹೋದ್ರೆ ತಪ್ಪೇನಿಲ್ಲ. ನಂದೇ ಹದಿನೈದು ವರ್ಷದಲ್ಲಿ ಒಂದು ಗೀರೂ ಇಲ್ಲ.

ಸ್ಫೂರ್ತಿ, 10:42
ಆರೂ ಏರ್‌ಬ್ಯಾಗು ಒಳಗಡೆ ಇದಾವೆ ಭಾವ. ನಾನು ಹೊರಗಡೆ ಇರ್ತೀನಿ.

ಸಂಧ್ಯಕ್ಕ, 10:44
ಕಂಟ್ರೋಲ್ ಇರೋರ ವಿಷ್ಯ ನಾನು ಹೇಳ್ಲಾ? 2019ರ ಜುಲೈ ಆದ್ಮೇಲೆ ಬಂದ ಕಾರಲ್ಲೆಲ್ಲ 80 ದಾಟಿದ್ರೆ ಬೀಪ್ ಅನ್ನತ್ತೆ. ಹೈವೇಲಿ ಅಂದ್ರೆ ಸರಿ. ನಮ್ಮ ಕಾರು ಊರೊಳಗೆ, ದೇವೇಗೌಡ ಪೆಟ್ರೋಲ್ ಬಂಕ್ ಹತ್ರ ಅನ್ನತ್ತೆ. ಭಾನುವಾರ ಬೆಳಿಗ್ಗೆ, ದೇವಸ್ಥಾನಕ್ಕೆ ಹೋಗುವಾಗ. ಮಗ ಹಿಂದಿನ ಸೀಟಲ್ಲಿ ಕೂತು "ಅಪ್ಪಾ ಬೀಪ್" ಅಂತಾನೆ.

ಗುರು ಭಾವ, 10:46
🚫 ಈ ಸಂದೇಶವನ್ನು ಅಳಿಸಲಾಗಿದೆ

ಕಾರ್ತಿ, 10:47
ಭಾವ ನಾನು ಓದ್ಬಿಟ್ಟೆ 🤣

ಸೀನ ಚಿಕ್ಕಪ್ಪ, 11:15
ಹಾಸ್ಯ ಸಾಕು. ನಾನೂ ಹನುಮಂತನಗರದಿಂದ ಮೆಜೆಸ್ಟಿಕ್‌ವರೆಗೆ ವರ್ಷಗಟ್ಟಲೆ ಸೈಕಲ್ ತುಳಿದವನೇ. ಆಗ ಡೈನಮೋ ದೀಪ ಇಲ್ಲ ಅಂದ್ರೆ ಪೊಲೀಸ್ನೋರು ಹಿಡಿದು ಗಾಳಿ ಬಿಡ್ತಿದ್ರು. ಡಬಲ್ಸ್ ಹೊಡೆದ್ರೆ ದಂಡ. ಈಗಿನ ಸೈಕಲ್ಲಿನವರಿಗೆ ಕೇಳೋರೇ ಇಲ್ಲ. ಕಿವಿಗೆ ಹಾಡು ಸಿಗಿಸ್ಕೊಂಡು ಸಿಗ್ನಲ್ ಹಾರ್ತಾರೆ. ಇಲ್ಲ ಅಂತೀಯಾ?

ಸ್ಫೂರ್ತಿ, 11:20
ಇದಾರೆ. ದೀಪ ಇಲ್ದೆ, ಒನ್‌ವೇಲಿ ಎದುರಿಗೆ ಬರೋರನ್ನ ಕಂಡ್ರೆ ನನಗೂ ಮೈ ಉರಿಯತ್ತೆ. ಹಿಡಿದು ಗಾಳಿ ಬಿಡ್ಲಿ, ನಾನೇ ಪಂಪ್ ಕೊಡಲ್ಲ.
ಆದ್ರೆ ಅವನು ತಪ್ಪು ಮಾಡಿದ್ರೆ ಸಾಯೋನು ಅವನು. ಕಾರಿನವನು ತಪ್ಪು ಮಾಡಿದ್ರೂ ಸಾಯೋನು ಅವನೇ.

ನಾನು, 11:32
ಕೇಂದ್ರ ಸಾರಿಗೆ ಇಲಾಖೆ ವರದಿ ತೆಗೆದು ನೋಡ್ದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ನೂರಕ್ಕೆ 71 ಅತಿವೇಗದ ಲೆಕ್ಕಕ್ಕೆ ಬರತ್ತೆ. ಸೈಕಲ್ ದರ್ಬಾರ್ ಅಂತ ಒಂದು ಕಾಲಂ ಇಲ್ಲ ಚಿಕ್ಕಪ್ಪ.

ಸೀನ ಚಿಕ್ಕಪ್ಪ, 11:36
ನೀನು ಅಡ್ಮಿನ್ನು, ಪಕ್ಷ ವಹಿಸ್ಬೇಡ. ಟ್ಯಾಕ್ಸ್ ವಿಷ್ಯಕ್ಕೆ ಉತ್ತರ ಬಂದಿಲ್ಲ.

ಸ್ಫೂರ್ತಿ, 11:41
ನೀವು ಕಾರಿಗೆ ಕಟ್ಟಿದ ಟ್ಯಾಕ್ಸ್ ರಾಜ್ಯ ಸರ್ಕಾರಕ್ಕೆ ಹೋಯ್ತು. ನಮ್ಮನೆ ಮುಂದಿನ ರಸ್ತೆ ಪಾಲಿಕೇದು. ಆಸ್ತಿ ತೆರಿಗೆ ಅಪ್ಪನೂ ಕಟ್ತಾರೆ, ಕಾರಿಲ್ದೇ ಇರೋರೂ ಕಟ್ತಾರೆ. ನನ್ನ ಸ್ಕೂಟರಿಗೂ ಟ್ಯಾಕ್ಸ್ ಕಟ್ಟಿ ಮನೇಲಿ ನಿಲ್ಸಿದೀನಿ, ರಸ್ತೆ ಸವೆಸ್ತಿಲ್ಲ. ವಾಪಸ್ ಕೊಡಿಸ್ತೀರಾ?

ಕಾರ್ತಿ, 12:10
ಲೇನ್ ಮಾಡಿದ್ರೆ ಜಗಳಾನೇ ಇರಲ್ಲ ಅಂತ ನಾನೂ ಅಂದ್ಕೊಂಡಿದ್ದೆ. 2020ರಲ್ಲಿ ಹೊರವರ್ತುಲ ರಸ್ತೇಲಿ ಲೌರಿ ಜಂಕ್ಷನ್ನಿಂದ ಸಿಲ್ಕ್ ಬೋರ್ಡ್‌ವರೆಗೆ 17 ಕಿ.ಮೀ. ಸೈಕಲ್ ಲೇನ್ ಅಂತ ಮಾಡಿದ್ರಲ್ಲ, ಪ್ಲಾಸ್ಟಿಕ್ ಕಂಬ ನೆಟ್ಟು. ಕಂಬಗಳಿಗೆ ಗುದ್ದಿ ಗುದ್ದಿ ಮಲಗಿಸಿದ್ರು, ಮಧ್ಯೆ ಬೈಕುಗಳು ನುಗ್ಗಿದ್ವು, ಆಮೇಲೆ ಮೆಟ್ರೋ ಕೆಲಸ ಬಂತು, ಕಥೆ ಮುಗೀತು. ಜಯನಗರದ ಸೈಕಲ್ ಟ್ರ್ಯಾಕ್ ಕೇಳ್ಲೇಬೇಡಿ, ಕಾರ್ ನಿಲ್ಸಕ್ಕೆ ಬಣ್ಣ ಬಳಿದ ಜಾಗ ಅದು.

ಗುರು ಭಾವ, 12:30
ಅದಕ್ಕೇ ಹೇಳೋದು, ಊರೆಲ್ಲ ಸೈಕಲ್ ತುಳಿಯಕ್ಕೆ ಇದು ಹಾಲೆಂಡ್ ಅಲ್ಲ.

ಸ್ಫೂರ್ತಿ, 12:33
ಹಾಲೆಂಡೂ ಹಾಲೆಂಡ್ ಆಗಿರ್ಲಿಲ್ಲ ಭಾವ. 1971ರಲ್ಲಿ ಅಲ್ಲಿ ರಸ್ತೇಲಿ ಸತ್ತವರು 3,300 ಜನ, 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗೆ ಬಂದು ಕೂತ್ರು. ಈಗ ಕಾಣೋದೆಲ್ಲ ಅದಾದ್ಮೇಲಿಂದು.

ಪದ್ಮತ್ತೆ, 1:48
ಊಟ ಆಯ್ತಾ ಎಲ್ಲರದ್ದು? ಬೆಳಿಗ್ಗೆಯಿಂದ ಓದ್ತಿದೀನಿ. ಸೀನ, ಸೈಕಲ್ ಬ್ಯಾನ್ ಮಾಡಿ ಅಂತೀಯಲ್ಲ, ನಿಮ್ಮನೆಗೆ ಐದೂವರೆಗೆ ಪೇಪರ್ ಯಾವುದ್ರಲ್ಲಿ ಬರತ್ತೆ? ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ರಾತ್ರಿ ಡ್ಯೂಟಿ ಮುಗಿಸಿ ಬನ್ನೇರುಘಟ್ಟ ರಸ್ತೆ ಹಿಡಿದು ಸೈಕಲ್ಲಲ್ಲೇ ಮನೆಗೆ ಹೋಗ್ತಾನೆ. ಅವನ ಸೈಕಲ್ಲಿಗೆ ದೀಪ ಇಲ್ಲ, ಹೆಲ್ಮೆಟ್ ಇಲ್ಲ. ಕ್ಯಾನಲ್ಲಿ ಟೀ ಮಾರೋನು ಇದಾನೆ, ಕಟ್ಟಡ ಕೆಲ್ಸದವರು ಇದಾರೆ. ನೀವೆಲ್ಲ ಸೈಕಲ್ಲು ಅಂದ್ರೆ ಸ್ಫೂರ್ತಿ ಹಾಕೋ ಬಿಗಿ ಪ್ಯಾಂಟು ಅಂದ್ಕೊಂಡಿದೀರಿ.

ಸೀನ ಚಿಕ್ಕಪ್ಪ, 1:55
ಅವರು ಬೇರೆ ಪದ್ಮ. ಅವರಿಗೆ ವಿಧಿಯಿಲ್ಲ.

ಪದ್ಮತ್ತೆ, 1:56
ವಿಧಿಯಿಲ್ಲದವರ ಮೇಲೆ 74ರಲ್ಲಿ ಬರಬಹುದೇನೋ?

(ಇಲ್ಲಿಂದ ಎರಡು ಗಂಟೆ ಯಾರೂ ಏನೂ ಹಾಕ್ಲಿಲ್ಲ. ಅಪ್ಪನ ನೀಲಿ ಟಿಕ್ ಮಾತ್ರ ಬಂತು. ಅವರು ಓದಿ ಸುಮ್ಮನಿರೋ ಪೈಕಿ.)

ಸೀನ ಚಿಕ್ಕಪ್ಪ, 4:05
ಆಯ್ತು, ಸ್ಪೀಡು ತಪ್ಪು ಅಂತಲೇ ಇಟ್ಕೊಳ್ಳೋಣ. ಅವರನ್ನ ಸರಿ ಮಾಡೋರು ಯಾರು? ಅವರು ಸರಿ ಹೋಗೋವರೆಗೂ ನೀನು ಯಾಕೆ ಅಲ್ಲಿ ಇರ್ಬೇಕು? ಹಳದಿ ಮೆಟ್ರೋ ಬಂದಿದೆ. ಹೋಗಕ್ಕೇನು ಕಷ್ಟ?

ಸ್ಫೂರ್ತಿ, 4:20
ಪದ್ಮನಾಭನಗರದಿಂದ ಆರ್.ವಿ. ರಸ್ತೆ ಸ್ಟೇಷನ್ನಿಗೆ ಆಟೋ, ಸಿಲ್ಕ್ ಬೋರ್ಡಲ್ಲಿ ಇಳಿದು ಕೋರಮಂಗಲಕ್ಕೆ ಇನ್ನೊಂದು ಆಟೋ. ಮಳೆ ಬಂದ್ರೆ ಹಾಗೇ ಹೋಗ್ತೀನಿ. ಮಿಕ್ಕ ದಿನ ಜಯನಗರದ ಒಳರಸ್ತೆ, ಮರದ ನೆರಳು, ಮುಕ್ಕಾಲು ಗಂಟೆ. ಜಾಮಿನ ಗೊಡವೆ ಇಲ್ಲ. ನನಗೆ ಖುಷಿ ಆಗತ್ತೆ ಚಿಕ್ಕಪ್ಪ, ಅದೂ ಒಂದು ಕಾರಣ ಅಲ್ವಾ?
ನೀವು ಹೇಳೋ ಹೆದರಿಕೆ ನನಗೂ ಇದೆ. ಅದಕ್ಕೇ ಕೇಳೋದು, ಹೆದರಿಸೋನಿಗೆ ಯಾಕೆ ಯಾರೂ ಹೇಳಲ್ಲ?

ಕಾರ್ತಿ, 4:31
ಯಾರು ಹೇಳ್ತಾರೆ? ಅತಿವೇಗಕ್ಕೆ ಕಾರಿನವರಿಗೆ ಕಾನೂನಲ್ಲಿರೋ ದಂಡವೇ ಸಾವಿರದಿಂದ ಎರಡು ಸಾವಿರ. ಅದನ್ನೂ ಕಟ್ಟದೆ ಕೂತೋರಿಗೆ 2023ರ ಫೆಬ್ರವರೀಲಿ ಅರ್ಧಕ್ಕರ್ಧ ಡಿಸ್ಕೌಂಟ್ ಕೊಟ್ರು. ಯುಗಾದಿ ಸೇಲ್ ಥರ ಕ್ಯೂ ನಿಂತಿದ್ರು ಜನ.

ಗುರು ಭಾವ, 4:33
ನಾನೂ ನಿಂತಿದ್ದೆ 🙈

ಸಂಧ್ಯಕ್ಕ, 4:33
ಏನಂದ್ರಿ?!

ದೊಡ್ಡಪ್ಪ, 5:10
2020ರಲ್ಲಿ ಸ್ಟಾಕ್‌ಹೋಮಿನಲ್ಲಿ ದೇಶ ದೇಶಗಳ ಮಂತ್ರಿಗಳು ಕೂಡಿ ಒಂದು ಘೋಷಣೆ ಹೊರಡಿಸಿದರು. ನಡೆಯುವವರು, ಸೈಕಲ್ಲಿನವರು, ಗಾಡಿಗಳು ಒಟ್ಟಿಗಿರುವ ಕಡೆ 30 ಸಾಕು ಎಂದು. ವಿಶ್ವ ಆರೋಗ್ಯ ಸಂಸ್ಥೆಯ ಇನ್ನೊಂದು ಲೆಕ್ಕ: ಸರಾಸರಿ ವೇಗ ನೂರಕ್ಕೆ ಒಂದು ಏರಿದರೆ, ಜೀವ ಹೋಗುವಂಥ ಅಪಘಾತದ ಸಂಭವ ನೂರಕ್ಕೆ ನಾಲ್ಕು ಏರುತ್ತದೆ. ಗುರು, ನೀನು ಹೇಳಿದೆ, ಹೇಗೂ ಸರಾಸರಿ 20 ಎಂದು. ಹಾಗಿದ್ದ ಮೇಲೆ ಮಧ್ಯೆ 80 ಹೋಗಿ ಎಷ್ಟು ನಿಮಿಷ ಉಳಿಸಿದೆ? ಮುಂದಿನ ಸಿಗ್ನಲ್ಲಿನಲ್ಲಿ ಕಾಯುವುದು ತಪ್ಪಿತೇ?

ಗುರು ಭಾವ, 5:25
ಇಲ್ಲ ದೊಡ್ಡಪ್ಪ. ಅದು ನಿಜ.

ಸ್ಫೂರ್ತಿ, 5:40
ಚಿಕ್ಕಪ್ಪ, ಒಂದು ಉಪಕಾರ ಮಾಡಿ. ಆ 74ಕ್ಕೂ 50ರ ಬೋರ್ಡಿಗೂ ಕೆಂಪಲ್ಲಿ ಸುತ್ತು ಹಾಕಿ ಫೋಟೋ ಕಳಿಸ್ತಿದೀನಿ. ನಿಮಗೆ ಎಲ್ಲಿಂದ ಬಂತೋ ಆ ಗುಂಪಿಗೆ ವಾಪಸ್ ಹಾಕಿ.

ಸೀನ ಚಿಕ್ಕಪ್ಪ, 6:02
ಅದು ನಮ್ಮ ಬ್ಯಾಂಕಿನ ರಿಟೈರ್ಡ್ ಗುಂಪು. ಹಾಕಿದೀನಿ. ಅಲ್ಲೊಬ್ಬ, 74 ಅನ್ನೋದು ಸ್ಪೀಡಲ್ಲ ಕ್ಯಾಮೆರಾ ಮಾಡೆಲ್ ನಂಬರು ಅಂತಿದಾನೆ. ನೋಡ್ಕೋತೀನಿ ಅವನನ್ನ.
ಆದ್ರೂ ನೀನು ಮೆಟ್ರೋದಲ್ಲಿ ಹೋಗು. ನನ್ನ ಅಭಿಪ್ರಾಯ ಬದಲಾಗಿಲ್ಲ.

ಗುರು ಭಾವ, ಮರುದಿನ ಬೆಳಿಗ್ಗೆ 9:47
ಸಂಧ್ಯಾ ಬಲವಂತಕ್ಕೆ ಇವತ್ತು 50 ದಾಟ್ಲಿಲ್ಲ. ಮನೆಯಿಂದ ಆಫೀಸಿಗೆ ಯಾವಾಗಿನಷ್ಟೇ ಹೊತ್ತು ಹಿಡೀತು, ಅದು ಬೇರೆ ವಿಷ್ಯ. ಆದ್ರೆ ಹಿಂದಿನವರೆಲ್ಲ ಹಾರ್ನ್ ಹೊಡೆದು ಹೊಡೆದು ತಲೆ ಕೆಡಿಸಿದ್ರು. ಒಬ್ಬ ಕಿಟಕಿ ಇಳಿಸಿ "ಮನೇಲಿರೋ ಅಂಕಲ್" ಅಂತ ಕೂಗಿ ಹೋದ.

ಸ್ಫೂರ್ತಿ, 9:49
ನನಗೆ ದಿನಾ ಹೇಳ್ತಾರೆ ಭಾವ. ಆಂಟಿ ಅಂತ.